ಮನೆಯ ಬಾವಿಗೆ ಝಕಾತ್ ಏಕೆ ಸಲ್ಲದು?

ರಮಝಾನ್ ಸಮೀಪಿಸುತ್ತಿದ್ದಂತೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಕಡೆಯಿಂದ ಪ್ರತಿ ವರ್ಷವೂ ಎರಡು ಪ್ರಶ್ನೆಗಳು ನಮ್ಮ ಬಳಿಗೆ ಬರುತ್ತವೆ. ಒಂದನ್ನು ಕೇಳುವವರು ಇಲ್ಲದವರು: ಹಿತ್ತಿಲಲ್ಲಿ ಒಂದು ಬಾವಿ ತೋಡಿಸಬೇಕು, ಸಹಾಯಧನ ಎಲ್ಲಿ ಸಿಗುತ್ತದೆ? ಇನ್ನೊಂದನ್ನು ಕೇಳುವವರು ಉಳ್ಳವರು: ಒಬ್ಬರ ಸ್ವಂತ ಮನೆಯ ಬಾವಿಗೆ ಹಣ ಕೊಟ್ಟರೆ ನಮ್ಮ ಝಕಾತ್ ಸಂದಾಯವಾಗುತ್ತದೆಯೇ? ಮೊದಲನೆಯ ಪ್ರಶ್ನೆಗೆ ನಮ್ಮ ಜಮಾಅತಿನ ಹಿರಿಯರು ಸರಕಾರಿ ಕಚೇರಿಯ ದಾರಿ ತೋರಿಸುತ್ತಾರೆ. ಎರಡನೆಯದಕ್ಕೆ ಅವರು ಕೊಡುವ ಉತ್ತರ, ಆಗುವುದಿಲ್ಲ ಎಂದು. ಈ ಎರಡು ಉತ್ತರಗಳೂ ಸರಿಯಲ್ಲ. ಇವೆರಡರ ನಡುವೆ ಸಿಕ್ಕಿಕೊಂಡ ಬಡಕುಟುಂಬಗಳು ಬಡ್ಡಿಯ ಬಾಗಿಲು ತಟ್ಟುತ್ತಿವೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ಕಟುವಾಗಿಯೇ ಚರ್ಚಿಸಬೇಕಾಗಿದೆ.

ಮೊದಲು ಸರಕಾರದ ಮಾತು. ಅಲ್ಪಸಂಖ್ಯಾತರಿಗೆ ಬಾವಿಯ ಸಹಾಯ ಎಂದೊಡನೆ ಎಲ್ಲರ ಬಾಯಲ್ಲಿ ಬರುವ ಹೆಸರು ಗಂಗಾ ಕಲ್ಯಾಣ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ನಡೆಸುವ ಈ ಯೋಜನೆಯಲ್ಲಿ ಕೊಳವೆಬಾವಿ ಕೊರೆಸಿ, ಪಂಪು ಜೋಡಿಸಿ, ವಿದ್ಯುತ್ ಸಂಪರ್ಕ ಕೊಡಲಾಗುತ್ತದೆ. ಒಳ್ಳೆಯ ಯೋಜನೆಯೇ. ಆದರೆ ಅದು ಯಾರಿಗೆ? ಸಣ್ಣ ಮತ್ತು ಅತಿಸಣ್ಣ ರೈತರಿಗೆ, ಅವರ ಕೃಷಿಭೂಮಿಯ ನೀರಾವರಿಗೆ. ಪಹಣಿ ಬೇಕು, ಸಣ್ಣ ರೈತರೆಂಬ ದೃಢೀಕರಣ ಬೇಕು. ಅರ್ಜಿ ಹಾಕಿದವರಲ್ಲಿ ಆಯ್ಕೆಯಾಗುವವರು ಕೆಲವರೇ. ಶಿರಾಳಕೊಪ್ಪದಲ್ಲಿ ಹಳೆಯ ಕಬ್ಬಿಣ ಕೊಂಡು ಮಾರುವವನಿಗೆ, ಸೊರಬದಲ್ಲಿ ಆಟೋ ಓಡಿಸುವವನಿಗೆ, ಬೀಡಿ ಕಟ್ಟುವ ವಿಧವೆಗೆ ಪಹಣಿ ಎಲ್ಲಿಂದ ಬರಬೇಕು? ಅವರಿಗಿರುವುದು ಮೂವತ್ತು ನಲವತ್ತು ಅಡಿಯ ನಿವೇಶನ, ಅದರಲ್ಲೊಂದು ಹೆಂಚಿನ ಮನೆ. ಉದ್ಯೋಗ ಖಾತರಿಯಡಿ ತೆರೆದ ಬಾವಿ ತೋಡಿಸಿಕೊಂಡ ಕುಟುಂಬಗಳು ಮಲೆನಾಡಿನಲ್ಲಿವೆ ನಿಜ. ಅವರೂ ಹಿಡುವಳಿ ಉಳ್ಳವರೇ. ಹೀಗಿರುವಾಗ ಮನೆಯ ಬಾವಿಗಾಗಿ ಬಂದವರನ್ನು ಗಂಗಾ ಕಲ್ಯಾಣಕ್ಕೆ ಅರ್ಜಿ ಹಾಕಿ ಎಂದು ಕಳುಹಿಸುವುದು ಅವರನ್ನು ಸುಮ್ಮನೆ ಅಲೆಸುವುದಾಗಿದೆ. ಅಲೆದಾಟದ ಜಾಗದಲ್ಲಿ ದಲ್ಲಾಳಿಯೂ ಹುಟ್ಟಿಕೊಳ್ಳುತ್ತಾನೆ. ಮನೆಯ ಬಾವಿಗೂ ಮಂಜೂರು ಮಾಡಿಸಿಕೊಡುತ್ತೇನೆ ಎಂದು ಮುಂಗಡ ಪಡೆಯುವವರ ಮಾತನ್ನು ನಂಬಬೇಡಿರಿ. ಅರ್ಜಿ ಹಾಕಲು ದಲ್ಲಾಳಿ ಬೇಕಿಲ್ಲ, ಮನೆಯ ಬಾವಿಗೆ ಆ ಯೋಜನೆಯೇ ಇಲ್ಲ.

ಮನೆ ಮನೆಗೆ ನಲ್ಲಿ ಬಂದಿದೆಯಲ್ಲ, ಇನ್ನು ಬಾವಿ ಏಕೆ ಎಂದು ಕೇಳುವವರಿದ್ದಾರೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿಯೊಬ್ಬ ಗ್ರಾಮವಾಸಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಅಳತೆಯನ್ನು ಇಟ್ಟುಕೊಂಡಿದೆ. ಐದು ಜನರ ಮನೆಗೆ 275 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಹದಿನೆಂಟು ಕೊಡ. ಮಾರ್ಚ್ ಕಳೆದ ಮೇಲೆ ತಮ್ಮ ನಲ್ಲಿಯಲ್ಲಿ ಹದಿನೆಂಟು ಕೊಡ ತುಂಬುತ್ತದೆಯೇ ಎಂದು ಹಳ್ಳಿಯ ಹೆಣ್ಣುಮಕ್ಕಳನ್ನೇ ಕೇಳಿ ನೋಡಿರಿ. ನಲ್ಲಿಯ ಹಿಂದೆ ಇರುವುದೂ ಬಹುಪಾಲು ಊರುಗಳಲ್ಲಿ ಒಂದು ಕೊಳವೆಬಾವಿಯೇ. ಅದು ಬತ್ತಿದ ದಿನ ಕೊಳಾಯಿಗೆ ಬೇರೆ ತಾಯಿಬೇರಿಲ್ಲ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮಲೆನಾಡು ಎಂಬ ಹೆಸರು ಆ ಬೇಸಿಗೆಯಲ್ಲಿ ಯಾರ ಕೊಡವನ್ನೂ ತುಂಬಿಸಲಿಲ್ಲ.

ಹೀಗೆ ಎರಡು ಬಾಗಿಲು ಮುಚ್ಚಿದ ಮೇಲೆ ತೆರೆದಿರುವುದು ಮೂರನೆಯ ಬಾಗಿಲು. ಅದು ವಾರದ ಕಂತಿನ ಸಾಲ. ಸಂಘದ ಹೆಸರಿನಲ್ಲಿ ಹತ್ತು ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಂತು ಹಣ ಎತ್ತುತ್ತಾರೆ. ಬೋರಿನ ಲಾರಿ ಬರುತ್ತದೆ. ಅದಕ್ಕೆ ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವನೂ ಬಂದು ಹೋಗಿರುತ್ತಾನೆ (ತೌಹೀದಿನ ಮನೆಯಲ್ಲಿ ಈ ತೆಂಗಿನಕಾಯಿಗೆ ಏನು ಕೆಲಸ ಎಂಬುದನ್ನು ಬೇರೆಯಾಗಿ ಬರೆಯಬೇಕಾಗಿದೆ). ಲಾರಿಯವನ ಲೆಕ್ಕ ಅಡಿಗೆ ಇಷ್ಟು. ನೀರು ಬಂದರೂ ಅಷ್ಟೇ, ಧೂಳು ಬಂದರೂ ಅಷ್ಟೇ. ಕೇಸಿಂಗ್ ಪೈಪಿನ ಹಣ ಪ್ರತ್ಯೇಕ. ಬೋರು ಫೇಲಾದ ಮನೆಯನ್ನು ನಾವು ಕಂಡಿದ್ದೇವೆ. ಅಂಗಳದಲ್ಲಿ ಕಲ್ಲು ಮುಚ್ಚಿದ ಒಣ ತೂತು. ಕಂತಿನ ದಿನ ಬೆಳಿಗ್ಗೆಯೇ ಬಾಗಿಲಲ್ಲಿ ನಿಲ್ಲುವ ವಸೂಲಿಯ ಹುಡುಗ. ಮನೆಯ ಹೆಂಗಸು ಮಾತ್ರ ಮೊದಲಿನಂತೆಯೇ ಕೊಡ ಹೊತ್ತು ಪಕ್ಕದ ಬೀದಿಗೆ ನಡೆಯುತ್ತಿದ್ದಾಳೆ. ನೀರೂ ಇಲ್ಲ, ಸಾಲವೂ ತೀರಲಿಲ್ಲ, ಬಡ್ಡಿಯ ಪಾಪವೂ ತಲೆಗೆ ಬಂತು. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಎಂಬುದೇ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂಬುದಕ್ಕೆ ಸಾಕ್ಷಿ. ಆದರೆ ಆ ಕಾನೂನು ಬಲವಂತದ ವಸೂಲಿಯನ್ನು ತಡೆಯುತ್ತದೆಯೇ ಹೊರತು ನೋಂದಾಯಿತ ಸಂಸ್ಥೆಯಿಂದ ಪಡೆದ ಸಾಲವನ್ನು ಮನ್ನಾ ಮಾಡುವುದಿಲ್ಲ.

ಬಡ್ಡಿಯ ಕುರಿತು ಮಿಂಬರಿನ ಮೇಲೆ ನಿಂತು ಗುಡುಗುವವರೂ ನಾವೇ. ಬಡ್ಡಿಯಿಲ್ಲದೆ ಬಾವಿ ತೋಡುವ ದಾರಿ ಕೇಳಿದವರಿಗೆ ಆಗುವುದಿಲ್ಲ ಎನ್ನುವವರೂ ನಾವೇ. ಈ ಎರಡು ಮಾತುಗಳನ್ನು ಒಂದೇ ನಾಲಗೆಯಲ್ಲಿ ಆಡುವುದಕ್ಕೆ ನಮಗೆ ಸಂಕೋಚವಾಗಬೇಡವೇ?

ಇಲ್ಲ ಎನ್ನುವವರು ಮುಂದಿಡುವ ಆಧಾರಗಳನ್ನು ಈಗ ನೋಡೋಣ. ಸಅದ್ ಬಿನ್ ಉಬಾದಃ(ರ) ತಮ್ಮ ತಾಯಿ ತೀರಿಕೊಂಡಾಗ ಯಾವ ದಾನ ಶ್ರೇಷ್ಠವೆಂದು ಪ್ರವಾದಿವರ್ಯರಲ್ಲಿ(ಸ) ಕೇಳಿದರು. ನೀರು ಎಂಬ ಉತ್ತರ ಬಂತು. ಅವರು ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದರು. ಇದು ಅಬೂದಾವೂದ್‌ನಲ್ಲಿದೆ. ಮದೀನಾದಲ್ಲಿ ರೂಮಾ ಬಾವಿಯ ನೀರು ಹಣಕ್ಕೆ ಮಾರಾಟವಾಗುತ್ತಿದ್ದಾಗ ಉಸ್ಮಾನ್(ರ) ಸ್ವಂತ ಹಣದಿಂದ ಅದನ್ನು ಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ನೋಡಿ, ಎರಡೂ ಸಾರ್ವಜನಿಕ ಬಾವಿಗಳು, ಆದುದರಿಂದ ಖಾಸಗಿ ಬಾವಿಗೆ ಪುಣ್ಯವಿಲ್ಲ ಎಂಬುದು ಇವರ ವಾದ. ಈ ವಾದದಲ್ಲಿ ಒಂದು ದೊಡ್ಡ ಗೊಂದಲವಿದೆ. ಸಅದ್ ಮತ್ತು ಉಸ್ಮಾನ್ ಮಾಡಿದ್ದು ಐಚ್ಛಿಕ ದಾನ, ಸದಕಃ ಜಾರಿಯಃ. ಝಕಾತ್ ಬೇರೆ. ಝಕಾತಿನ ಎಂಟು ಹಕ್ಕುದಾರರನ್ನು ಸೂರಃ ಅತ್ತೌಬಃದ 60ನೆಯ ವಚನವೇ ನಿಗದಿಪಡಿಸಿದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು ಆ ಪಟ್ಟಿಯಲ್ಲಿದ್ದಾರೆ. ಬಾವಿ, ಸೇತುವೆ, ಮಸೀದಿಯ ಕಟ್ಟಡ ಆ ಪಟ್ಟಿಯಲ್ಲಿಲ್ಲ.

ನಮ್ಮ ಕಡೆಯ ಬಹುತೇಕ ಜಮಾಅತ್‌ಗಳು ಅನುಸರಿಸುವ ಹನಫಿ ಮದ್‌ಹಬಿನಲ್ಲಿ ತಮ್ಲೀಕ್ ಎಂಬ ನಿಬಂಧನೆಯಿದೆ. ಝಕಾತಿನ ಹಣವು ಒಬ್ಬ ಬಡವನ ಒಡೆತನಕ್ಕೆ ಸಂಪೂರ್ಣವಾಗಿ ಸೇರಬೇಕು. ಯಾರ ಒಡೆತನಕ್ಕೂ ಸೇರದ ಸಾರ್ವಜನಿಕ ಬಾವಿಗೆ, ಮಸೀದಿಯ ಹೌಝ್‌ಗೆ ಝಕಾತ್ ಸುರಿದರೆ ಅದು ಸಂದಾಯವಾಗುವುದಿಲ್ಲ. ಅರ್ಹ ಬಡವನ ಕೈಗೆ ಹಣ ಕೊಟ್ಟು, ಅವನು ತನ್ನ ಹಿತ್ತಿಲಲ್ಲಿ ಬಾವಿ ತೋಡಿಸಿಕೊಂಡರೆ ಅದು ನಿಸ್ಸಂದೇಹವಾಗಿ ಸಂದಾಯವಾಗುತ್ತದೆ. ಅಂದರೆ ಹಿರಿಯರು ಹೇಳುತ್ತಿರುವುದು ನಿಯಮದ ತಲೆಕೆಳಗು. ಅವರು ಆಗುತ್ತದೆ ಎಂದು ನಂಬಿರುವ ಮಸೀದಿಯಂಗಳದ ಬಾವಿಗೆ ಝಕಾತ್ ಸಲ್ಲದು. ಆಗುವುದಿಲ್ಲ ಎಂದು ತಳ್ಳಿಹಾಕುವ ಬಡವನ ಮನೆಯ ಬಾವಿಗೆ ಸಲ್ಲುತ್ತದೆ.

ಸ್ವಂತ ಮನೆಯಿದ್ದವನು ಬಡವನು ಹೇಗಾದಾನು ಎಂಬುದು ಇನ್ನೊಂದು ಆಕ್ಷೇಪ. ವಾಸದ ಮನೆ, ಉಡುವ ಬಟ್ಟೆ, ದುಡಿಯುವ ಉಪಕರಣ ಇವು ಮೂಲಭೂತ ಅಗತ್ಯಗಳು. ಇವುಗಳನ್ನು ನಿಸಾಬಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಗತ್ಯಗಳನ್ನು ಕಳೆದು, ಸಾಲವನ್ನು ಕಳೆದು, ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿಯದವನು ಝಕಾತ್ ಪಡೆಯಲು ಅರ್ಹನು. ಅವನ ತಲೆಯ ಮೇಲೆ ಹೆಂಚಿದೆ ಎಂಬುದು ಅವನ ಕೊಡ ಖಾಲಿಯಾಗಿರುವುದಕ್ಕೆ ಉತ್ತರವಲ್ಲ.

ತಿಳಿದವರೊಬ್ಬರು ಮತ್ತೊಂದು ಸೂಕ್ಷ್ಮವನ್ನು ಎತ್ತಬಹುದು. ಒಬ್ಬನೇ ಬಡವನಿಗೆ ಒಮ್ಮೆಗೇ ನಿಸಾಬಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಕೊಡುವುದು ಹನಫಿ ವಿದ್ವಾಂಸರ ಪ್ರಕಾರ ಅನಪೇಕ್ಷಿತ. ಬಾವಿಯ ಖರ್ಚು ಅದನ್ನು ದಾಟಬಹುದಲ್ಲವೇ ಎಂದು. ನ್ಯಾಯವಾದ ಪ್ರಶ್ನೆ. ಉತ್ತರವೂ ಅದೇ ಗ್ರಂಥಗಳಲ್ಲಿದೆ. ಸಾಲಗಾರನಿಗೆ, ದೊಡ್ಡ ಕುಟುಂಬದ ಹೊಣೆ ಹೊತ್ತವನಿಗೆ ಆ ಮಾತು ಅನ್ವಯಿಸುವುದಿಲ್ಲ. ಮೇಲಾಗಿ ಬಾವಿ ಒಂದೇ ದಿನದ ಕೆಲಸವಲ್ಲ. ತೋಡುವವರ ಕೂಲಿಗೆ ಒಂದು ಪಾಲು ಕೊಡಿರಿ. ಅದು ಖರ್ಚಾದ ಮೇಲೆ ಅವನು ಮತ್ತೆ ಬರಿಗೈಯವನು; ಆಗ ಸಿಮೆಂಟ್ ರಿಂಗಿಗೆ ಕೊಡಿರಿ. ನಂತರ ಕಟ್ಟೆಗೆ, ರಾಟೆಗೆ. ಬೋರು ಫೇಲಾಗಿ ಸಾಲದಲ್ಲಿ ಸಿಕ್ಕಿಕೊಂಡವರಿಗಂತೂ ಸಾಲಗಾರರೆಂಬ ಪ್ರತ್ಯೇಕ ಹಕ್ಕು ಕುರ್‌ಆನಿನಲ್ಲೇ ಇದೆ. ಅವರ ಅನುಮತಿ ಪಡೆದು ಅವರ ಸಾಲವನ್ನು ನೇರವಾಗಿ ತೀರಿಸಲೂಬಹುದು.

ಖಾಸಗಿ ಬಾವಿ ಎಂಬ ಮಾತನ್ನಾದರೂ ನಾವು ಸರಿಯಾಗಿ ಗ್ರಹಿಸಿದ್ದೇವೆಯೇ? ಬಾವಿಯ ಗುಂಡಿ, ಕಟ್ಟೆ, ನೆಲ ಮನೆಯವರದ್ದು. ಒಳಗಿನ ನೀರು ಕೊಡದಲ್ಲಿ ತುಂಬುವವರೆಗೆ ಯಾರ ಸೊತ್ತೂ ಅಲ್ಲ ಎಂಬುದು ಹನಫಿ ಫಿಕ್‌ಹ್‌ನ ನಿಲುವು. ಬಾಯಾರಿದ ಮನುಷ್ಯನಿಗೂ ಪ್ರಾಣಿಗೂ ಅದರಲ್ಲಿ ಕುಡಿಯುವ ಹಕ್ಕಿದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರು ಪಾಲುದಾರರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದಾರಿಹೋಕನಿಗೆ ತನ್ನಲ್ಲಿ ಮಿಕ್ಕಿದ ನೀರನ್ನು ನಿರಾಕರಿಸಿದವನ ಕಡೆಗೆ ಅಲ್ಲಾಹನು ಅಂತ್ಯದಿನದಲ್ಲಿ ನೋಡಲಾರನೆಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಹೀಗಾಗಿ ಬಡವನ ಹಿತ್ತಿಲಿನ ಬಾವಿ ಒಂದು ಮನೆಯದ್ದಾಗಿ ಹುಟ್ಟಿ ಬೀದಿಯದ್ದಾಗಿ ಬೆಳೆಯುತ್ತದೆ. ಪಕ್ಕದ ಮನೆಯವರು ಯಾವ ಧರ್ಮದವರೇ ಇರಲಿ, ಹಗ್ಗ ಅವರ ಕೈಗೂ ಸಿಗಬೇಕು. ನಮ್ಮ ಹಳೆಯ ಕೇರಿಗಳಲ್ಲಿ ನಡೆದುಬಂದದ್ದೂ ಹಾಗೆಯೇ.

ಇಷ್ಟೆಲ್ಲ ಸ್ಪಷ್ಟವಾಗಿರುವಾಗ ಹಣ ಮಾತ್ರ ಬೇರೆ ಕಡೆಗೆ ಹರಿಯುತ್ತಿರುವುದೇಕೆ? ನಿಷ್ಠುರವಾಗಿ ಹೇಳುವುದಾದರೆ, ಹಿತ್ತಿಲ ಬಾವಿಗೆ ಫಲಕ ಹಾಕಲು ಬರುವುದಿಲ್ಲ. ಮಸೀದಿಯ ಬಾಗಿಲಲ್ಲಿ ತಣ್ಣೀರಿನ ಯಂತ್ರವಿಟ್ಟರೆ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸಬಹುದು. ಯಾವುದೋ ದೂರದೇಶದ ಬಾವಿಗೆ ಹಣ ಕಳುಹಿಸಿದರೆ ಮಕ್ಕಳು ನೀರೆರಚಿ ಕುಣಿಯುವ ವಿಡಿಯೋ ಫೋನಿಗೆ ಬರುತ್ತದೆ, ಅದನ್ನು ಹತ್ತು ಗ್ರೂಪಿಗೆ ಕಳುಹಿಸಬಹುದು. ದೂರದವರ ಬಾಯಾರಿಕೆ ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಝಕಾತನ್ನು ಮೊದಲು ತನ್ನ ಊರಿನ ಬಡವರಿಗೆ ಕೊಡಬೇಕೆಂಬುದು ಇಮಾಮರು ಒತ್ತಿಹೇಳಿದ ಮಾತು. ಶಿರಾಳಕೊಪ್ಪದ ಹಣ ಸಮುದ್ರ ದಾಟಿ ಹೋಗುವಾಗ ಶಿರಾಳಕೊಪ್ಪದ ಕೊಡ ದಾಟಿ ಹೋಗುತ್ತದೆ.

ಫಲಕದ ಆಸೆ ಇಂದಿನದಲ್ಲ. ನಮ್ಮದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಸ್ತಂಭಶಾಸನ ನಿಂತಿದೆ. ಪ್ರಣವೇಶ್ವರ ದೇವಾಲಯದ ಬಳಿ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನು ಹೊಗಳಿ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಕಾವ್ಯ ಅದು. ಹದಿನೈದು ಶತಮಾನ ದಾಟಿದರೂ ದೊರೆಯ ಹೆಸರು ಅಳಿಸಿಲ್ಲ. ವಿಜಯಪುರದಲ್ಲಿ ಎರಡನೆಯ ಇಬ್ರಾಹಿಮ್ ಆದಿಲ್ ಶಾಹನ ಕಾಲದಲ್ಲಿ, 1620ರ ಸುಮಾರಿಗೆ, ರಾಣಿಯ ಹೆಸರಿನಲ್ಲಿ ಕಟ್ಟಿದ ತಾಜ್ ಬಾವಡಿಯನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ಆ ಕೆರೆಬಾವಿಗಳು ಲಕ್ಷಾಂತರ ಜನರ ಬಾಯಾರಿಕೆ ತಣಿಸಿವೆ, ಅದನ್ನು ಅಲ್ಲಗಳೆಯುವವರಾರು? ಆದರೆ ಬಡವನ ಮನೆಯ ಬಾವಿಯನ್ನು ಯಾವ ಶಾಸನವೂ ಹೊಗಳಿಲ್ಲ. ಅದನ್ನು ತೋಡಿದವರು ಆ ಮನೆಯವರೇ, ಸಾಲ ಮಾಡಿ, ಒಡವೆ ಮಾರಿ. ಅರಸರು ಬಿಟ್ಟುಹೋದ ಈ ಕೆಲಸವನ್ನೇ ಝಕಾತ್ ಕೈಗೆತ್ತಿಕೊಳ್ಳಬಲ್ಲದು. ಝಕಾತ್ ಕೊಟ್ಟವನ ಹೆಸರು ಕೇಳುವುದಿಲ್ಲ.

ಹೆಸರು ಬಾರದಿದ್ದರೂ ಪರವಾಗಿಲ್ಲ, ಮೊದಲು ನಮ್ಮಿಂದ ಹಾನಿಯಾಗದಿರಲಿ ಎಂದು ಹೇಳಬೇಕಾದವರೂ ನಮ್ಮ ನಡುವೆ ಇದ್ದಾರೆ. ಅಡಿಕೆಯ ಧಾರಣೆ ಏರಿದಂತೆ ಗದ್ದೆಗಳು ತೋಟಗಳಾದವು. ಶುಂಠಿ ಬಂತು. ಒಂದು ಬೋರು ಸಾಲದೆ ಎರಡು, ಎರಡು ಸಾಲದೆ ಮೂರು. ಆಳಕ್ಕೆ ಇಳಿದ ಈ ಕೊಳವೆಗಳು ಹಗಲಿರುಳು ಎಳೆಯುತ್ತಿದ್ದಂತೆ ಅಕ್ಕಪಕ್ಕದ ಕೇರಿಯ ತೆರೆದ ಬಾವಿಗಳ ತಳ ಕಾಣುತ್ತದೆ. ತೋಟದ ಯಜಮಾನರು ಇಫ್ತಾರಿಗೆ ಸಾವಿರ ಜನರನ್ನು ಕೂಡಿಸುತ್ತಾರೆ. ಅವರ ಬೇಲಿಯಾಚೆಯ ಮನೆಯವರು ಇಫ್ತಾರಿನ ನೀರಿಗೇ ಕೊಡ ಹಿಡಿದು ನಿಂತಿರುತ್ತಾರೆ. ನೆಲದ ನೀರು ಆಳಕ್ಕಿಳಿದು ಕೈಗೆಟುಕದೆ ಹೋದರೆ ಅದನ್ನು ಮರಳಿ ತರುವವರು ಯಾರೆಂದು ಸೂರಃ ಅಲ್ ಮುಲ್ಕಿನ ಕೊನೆಯ ವಚನ ಕೇಳುತ್ತದೆ. ರಾತ್ರಿ ಮಲಗುವ ಮುನ್ನ ಆ ಸೂರಃವನ್ನು ಓದುವವರು ಬೇಲಿಯ ಬಳಿ ಒಂದು ನಲ್ಲಿ ಇಟ್ಟು, ಬೇಸಿಗೆಯ ಮೂರು ತಿಂಗಳು ಬೀದಿಗೆ ನೀರು ಬಿಡುವುದು ಅಸಾಧ್ಯವೇನಲ್ಲ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಕೂಡ ನೀರನ್ನು ಮನಬಂದಂತೆ ಎಳೆಯುವುದಕ್ಕೆ ಕಡಿವಾಣ ಹಾಕಲೆಂದೇ ಬಂದದ್ದು. ನಮಗೆ ಕಾಯ್ದೆಗಿಂತ ಮೊದಲೇ ಹದೀಸ್ ಇತ್ತು.

ಬೆಂಗಳೂರಿನಲ್ಲೋ ಗಲ್ಫಿನಲ್ಲೋ ದುಡಿಯುವ ಸಹೋದರರಿಗೆ ಒಂದು ಮಾತು. ತಂದೆತಾಯಿಯ ಮನೆಯ ಬಾವಿಗೆ ಝಕಾತ್ ಕೊಡುವಂತಿಲ್ಲ, ಅದು ನಿಮ್ಮ ಸ್ವಂತ ಹೊಣೆ. ಆದರೆ ಬಡತನದಲ್ಲಿರುವ ಅಕ್ಕತಂಗಿಯರಿಗೆ ಕೊಡಬಹುದು. ಅಲ್ಲಿ ದಾನದ ಪುಣ್ಯವೂ ಬಂಧುತ್ವ ಜೋಡಿಸಿದ ಪುಣ್ಯವೂ ಎರಡೂ ಸಿಗುತ್ತವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆನವಟ್ಟಿಯಲ್ಲಿರುವ ತಂಗಿಯ ಹಿತ್ತಿಲಲ್ಲಿ ನೀರು ಚಿಮ್ಮಿಸುವುದಕ್ಕೆ ಯಾವ ಸಮಿತಿಯ ಠರಾವೂ ಬೇಕಿಲ್ಲ. ತಂದೆಯ ಆಸ್ತಿಯಲ್ಲಿ ಅವಳ ಪಾಲನ್ನು ಮಾತ್ರ ಮೊದಲು ಕೊಟ್ಟುಬಿಡಿರಿ. ಅವಳದ್ದೇ ಹಣವನ್ನು ಝಕಾತೆಂದು ಅವಳಿಗೆ ಕೊಡುವ ಚಾತುರ್ಯವನ್ನು ನಾವು ಕೆಲವು ಮನೆಗಳಲ್ಲಿ ನೋಡಿದ್ದೇವೆ.

ಕಾಲವೂ ಈಗ ಅನುಕೂಲವಾಗಿದೆ. ರಮಝಾನ್ 2024ರಲ್ಲಿ ಮಾರ್ಚ್ ಎರಡನೆಯ ವಾರ ಆರಂಭವಾಯಿತು, 2025ರಲ್ಲಿ ಮಾರ್ಚ್ ಮೊದಲ ವಾರ; ಮುಂದಿನ ಕೆಲವು ವರ್ಷ ಫೆಬ್ರವರಿಯಲ್ಲೂ ಅದಕ್ಕೂ ಮುಂಚೆಯೂ ಬರುತ್ತದೆ. ಬಾವಿ ತೋಡುವ ಹದ ಏಪ್ರಿಲ್ ಮತ್ತು ಮೇ. ಅಂತರ್ಜಲ ಅತಿ ಕೆಳಗಿರುವ ಆ ದಿನಗಳಲ್ಲಿ ನೀರು ಮುಟ್ಟಿದ ಬಾವಿ ಉಳಿದ ತಿಂಗಳುಗಳಲ್ಲಿ ಸುಲಭವಾಗಿ ಬತ್ತುವುದಿಲ್ಲ. ಮಳೆಗಾಲದ ಬೆನ್ನಿಗೇ ತೋಡಿದ ಬಾವಿಯ ನೀರು ನೆಚ್ಚಬಾರದು ಎಂದು ತೋಡುವವರೇ ಹೇಳುತ್ತಾರೆ. ಝಕಾತ್ ಕೂಡಿದ ಬೆನ್ನಿಗೇ ಬಾವಿಯ ಹಂಗಾಮು ಬರುತ್ತದೆ. ಹಾಗಾಗಿ ಪ್ರತಿ ಜಮಾಅತ್ ಶಅಬಾನ್ ತಿಂಗಳಲ್ಲೇ ತನ್ನ ಕೇರಿಯಲ್ಲಿ ನೀರಿಲ್ಲದ ಮನೆಗಳ ಪಟ್ಟಿ ಮಾಡಲಿ. ಪಟ್ಟಿ ಮಾಡಲು ಹೆಂಗಸರನ್ನು ಕಳುಹಿಸಿರಿ. ಕೊಡ ಹೊರುವವರು ಯಾರೆಂಬುದು ಸಮಿತಿಯ ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹೆಸರುಗಳನ್ನು ನೋಟೀಸ್ ಬೋರ್ಡಿಗೆ ಅಂಟಿಸಬೇಡಿರಿ.

ಎಲ್ಲ ಕಡೆಗೂ ಬೋರೇ ಬೇಕೆಂಬ ಹಟವೂ ಬೇಡ. ಚಂದ್ರಗುತ್ತಿಯ ಸುತ್ತ, ಸೊರಬದ ಪಡುವಣ ಹಳ್ಳಿಗಳಲ್ಲಿ ಮಳೆ ಹೆಚ್ಚು. ಅಲ್ಲಿ ತೆರೆದ ಬಾವಿ ಇಂದಿಗೂ ನಂಬಿಕೆಗೆ ಅರ್ಹ. ಶಿಕಾರಿಪುರದ ಮೂಡಣಕ್ಕೆ ಹೋದಂತೆ ಬಯಲುಸೀಮೆಯ ಗುಣ ಕಾಣುತ್ತದೆ, ಅಲ್ಲಿ ಎರಡೆರಡು ಬಾರಿ ಯೋಚಿಸಿ, ಭೂವಿಜ್ಞಾನ ತಿಳಿದವರನ್ನು ಕೇಳಿ ಹೆಜ್ಜೆಯಿಡಬೇಕು. ಹಳೆಯ ಬಾವಿಯಿದ್ದು ಹೂಳು ತುಂಬಿದ್ದರೆ ಹೊಸದನ್ನು ತೋಡುವ ಮೊದಲು ಹೂಳು ತೆಗೆಸಿ ಎರಡಾಳು ಆಳ ಮಾಡಿಸಿರಿ, ಖರ್ಚು ಬಹಳ ಕಡಿಮೆ. ಹೆಂಚಿನ ಮೇಲೆ ಬಿದ್ದ ಮಳೆನೀರನ್ನು ದೋಣಿಪೈಪಿನಲ್ಲಿ ಹಿಡಿದು, ಮರಳು ಜಲ್ಲಿಯ ಗುಂಡಿಯಲ್ಲಿ ಸೋಸಿ ಬಾವಿಯ ಪಕ್ಕದಲ್ಲಿ ಇಂಗಿಸಿದರೆ ಮುಂದಿನ ಬೇಸಿಗೆಗೆ ಅದೇ ಬಾವಿ ಒಂದಿಷ್ಟು ದಿನ ಹೆಚ್ಚು ಬಾಳುತ್ತದೆ.

ಝಕಾತ್ ಪಡೆಯುವಷ್ಟು ಬಡವರೂ ಅಲ್ಲ, ಒಮ್ಮೆಗೇ ಖರ್ಚು ಮಾಡುವಷ್ಟು ಉಳ್ಳವರೂ ಅಲ್ಲ ಎಂಬ ಮನೆಗಳೂ ಅನೇಕ: ಸಣ್ಣ ಅಂಗಡಿಯವರು, ಖಾಸಗಿ ಶಾಲೆಯ ಶಿಕ್ಷಕರು, ನಮ್ಮ ಮದ್ರಸಾಗಳ ಉಸ್ತಾದರು. ಅವರಿಗೆ ಬೇಕಾದುದು ಕರ್ಝೆ ಹಸನ್, ಬಡ್ಡಿಯಿಲ್ಲದ ಸಾಲ. ಹಲವು ಮಸೀದಿಗಳ ಲಿಲ್ಲಾಹ್ ಹಣ ಬ್ಯಾಂಕಿನಲ್ಲಿ ವರ್ಷಗಟ್ಟಲೆ ನಿದ್ರಿಸುತ್ತಿದೆ. ದಾನಿಗಳ ಒಪ್ಪಿಗೆ ಪಡೆದು, ಅದರ ಒಂದು ಭಾಗವನ್ನು ಬಾವಿಯ ಸಾಲಕ್ಕೆ ಮೀಸಲಿಟ್ಟು, ಇಬ್ಬರ ಜಾಮೀನು ಬರೆಸಿಕೊಂಡು, ಎರಡು ವರ್ಷದ ಸುಲಭ ಕಂತಿನಲ್ಲಿ ಕೊಡಬಹುದು. ಮರಳಿ ಬಂದ ಹಣ ಮುಂದಿನ ಮನೆಗೆ ಹೋಗುತ್ತದೆ. ಬರವಣಿಗೆ ಕಡ್ಡಾಯ, ಸಾಕ್ಷಿ ಕಡ್ಡಾಯ. ಸೂರಃ ಅಲ್ ಬಕರಃದ ಅತಿ ದೀರ್ಘ ವಚನವು ಸಾಲ ಬರೆದಿಡುವುದರ ಕುರಿತಾಗಿಯೇ ಇದೆ. ಕಂತು ತಪ್ಪಿದವನಿಗೆ ಕಾಲಾವಕಾಶ ಕೊಡಬೇಕೆಂಬ ಆಜ್ಞೆ ಅದಕ್ಕೆ ಎರಡು ವಚನ ಹಿಂದೆ ಇದೆ. ಮುತವಲ್ಲಿಗಳು ಎರಡನ್ನೂ ಒಟ್ಟಿಗೆ ಓದಿಕೊಂಡು ಬರಲಿ, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸುಣ್ಣಬಣ್ಣದ ವಿಷಯಕ್ಕಿಂತ ಮೊದಲು ಇದನ್ನು ಇಡಲಿ.